ಒಂದು ಬದಿ ಖಾಲಿ

ನವೆಂಬರ್ 18, ಮಂಗಳವಾರ

ಆದದ್ದನ್ನು ಆದ ಹಾಗೆ ಒಂದು ಪುಟ ಬರೆದು ಕೊಡಿ ಎಂದರು ಲ್ಯಾಬನ್ನು ನೋಡಿಕೊಳ್ಳುವ ದಿಶಾಂತ್ ಸರ್. ಅರ್ಧ ಪುಟ ಬರೆದು ಸಹಿ ಹಾಕಿ ಕೊಟ್ಟೆ. ನಾನು ಕಡಬದ ಈ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಅಟೆಂಡರ್, ಯಾರ ರಿಪೋರ್ಟನ್ನೂ ಯಾರಿಗೂ ತೋರಿಸಿದವಳಲ್ಲ, ಇಂತಿ ಪೂವಮ್ಮ. ಅಷ್ಟೇ. ಉಳಿದದ್ದು ಎದೆಯಲ್ಲಿ ನಿಂತಿದೆ. ಬಾಯಿಬಿಟ್ಟು ಹೇಳಿದರೆ ಜಗಳ, ಹೇಳದಿದ್ದರೆ ಹೊಟ್ಟೆಯುರಿ. ಅದಕ್ಕೆ ಇಲ್ಲಿ ಬರೆಯುತ್ತೇನೆ. ಲ್ಯಾಬಿನಿಂದ ತಂದ, ಒಂದು ಬದಿ ಖಾಲಿ ಇರುವ ಕಾಗದ ಮನೆಯಲ್ಲಿ ಒಂದು ಕಟ್ಟು ಉಂಟು.

ನಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು ವಸುಮತಿ. ಅವಳಿಗೆ ಗರ್ಭಕೋಶದ ಆಪರೇಷನ್ ಆಗಬೇಕು. ಅದಕ್ಕೆ ಮೊದಲು ರಕ್ತ ಪರೀಕ್ಷೆ ಮಾಡಿಸಲು ಇದೇ ಮೂರನೇ ತಾರೀಕಿಗೆ ನಮ್ಮಲ್ಲಿಗೇ ಬಂದಿದ್ದಳು. ಹೆಪಟೈಟಿಸ್ ಬಿ ಪಾಸಿಟಿವ್ ಎಂದು ಬಂತು. ರಿಪೋರ್ಟನ್ನು ಕವರಿಗೆ ಹಾಕಿ ಅಂಟಿಸಿ ಅವಳ ಕೈಗೆ ಕೊಟ್ಟವಳು ನಾನೇ. ಈಗ ಆ ರಿಪೋರ್ಟಿನ ಫೋಟೊ ಊರಿನವರ ಮೊಬೈಲಿನಲ್ಲೆಲ್ಲ ಓಡಾಡುತ್ತಿದೆ. ನಿನ್ನೆ ಬೆಳಿಗ್ಗೆ ಹದಿನೈದು ಮಂದಿ ಪೋಷಕರು ಶಾಲೆಯ ಜಗಲಿಯಲ್ಲಿ ಕೂತು, ಕಾಮಾಲೆ ಇರುವವಳ ಕೈಯಡುಗೆ ನಮ್ಮ ಮಕ್ಕಳಿಗೆ ಬೇಡ ಎಂದರಂತೆ. ಹೆಡ್ ಟೀಚರ್ ಅವಳನ್ನು ಮನೆಗೆ ಕಳುಹಿಸಿದರು. ಅವಳ ತಮ್ಮ ಸೀದಾ ಲ್ಯಾಬಿಗೆ ಬಂದು ಬಾಗಿಲಲ್ಲಿ ನಿಂತು ಬೊಬ್ಬೆ ಹಾಕಿದ.

ಇವತ್ತು ದಿಶಾಂತ್ ಸರ್ ದರ್ಬೆಯ ಮುಖ್ಯ ಆಫೀಸಿನಿಂದ ಕಾರಿನಲ್ಲಿ ಬಂದಿಳಿದರು. ಫೋಟೊ ನೋಡಿದರು. ಅದರಲ್ಲಿ ಲ್ಯಾಬಿನ ಹೆಸರು ಅಚ್ಚಾದ ಲೆಟರ್‌ಹೆಡ್ ಇಲ್ಲ, ಬರೀ ಬಿಳಿ ಕಾಗದ. ಹಾಗಾದರೆ ಇದು ನಾವು ಕೊಟ್ಟ ಪ್ರತಿಯಲ್ಲ, ಯಾರೋ ವೈಫೈಯಿಂದ ಪ್ರಿಂಟರಿಗೆ ಕೈಹಾಕಿ ಕದ್ದಿದ್ದಾರೆ ಎಂದರು. ಅಷ್ಟಕ್ಕೆ ನಿಲ್ಲಿಸಬಾರದಾ? ನನ್ನ ಕಡೆ ತಿರುಗಿದರು.

"ಪೂವಮ್ಮ, ನೀವು ಅದೇ ಊರಿನವರು ಅಲ್ವಾ?"

ಹೌದು, ಅದೇ ಊರು. ಅದೇ ಶಾಲೆ. ಎಂಟನೇ ಕ್ಲಾಸಿನ ಅರ್ಧಕ್ಕೆ ಬಿಟ್ಟವಳು. ಅದಕ್ಕೆ ಏನೀಗ? ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಬರುತ್ತದೆ, ಅದೂ ತಪ್ಪಾಯಿತು. ಮೊನ್ನೆ ಶುಕ್ರವಾರ ಮಕ್ಕಳ ದಿನಾಚರಣೆಗೆ ಅದೇ ಶಾಲೆಯವರು ಚಿತ್ರಸ್ಪರ್ಧೆಗೆ ಕಾಗದ ಕೊಟ್ಟ ದಾನಿ ಎಂದು ಮೈಕಿನಲ್ಲಿ ನನ್ನ ಹೆಸರು ಕರೆದು ಒಂದು ಗುಲಾಬಿ ಕೊಟ್ಟಿದ್ದರು. ನಾಲ್ಕೇ ದಿನಕ್ಕೆ ಕಳ್ಳಿಯಾದೆ.

ಲ್ಯಾಬಿನಲ್ಲಿ ಇರುವುದೇ ಇಬ್ಬರು, ಪರೀಕ್ಷೆ ಮಾಡುವ ಬ್ಲೆಸ್ಸಿ ಮೇಡಂ ಮತ್ತು ನಾನು. ಮೇಡಂ ನೆಲ್ಯಾಡಿಯವರು, ನರ್ಸಿಂಗ್ ಹೋಮಿನಲ್ಲೆಲ್ಲ ಕೆಲಸ ಮಾಡಿ ಬಂದವರು. ಅವರ ಹತ್ತಿರ ಯಾರೂ ಊರು ಕೇಳಲಿಲ್ಲ.

ನವೆಂಬರ್ 19, ಬುಧವಾರ

ಬಸ್ಸಿಳಿದು ಮನೆಗೆ ಹೋಗದೆ ವಸುಮತಿಯಲ್ಲಿಗೆ ಹೋದೆ. ಏಳನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತವರು ನಾವು. ನೂರ ಅರವತ್ತು ಮಕ್ಕಳಿಗೆ ಸಾರು ಕುದಿಸುವ ಕೈ, ಒಂದೇ ಒಂದು ಚೊಂಬನ್ನು ತಿಕ್ಕಿದ್ದನ್ನೇ ತಿಕ್ಕುತ್ತಿತ್ತು. ಡಾಕ್ಟರು ಆಪರೇಷನ್ ಮಾಡಬಹುದು ಎಂದಿದ್ದಾರಂತೆ, ರಕ್ತಕ್ಕೆ ಮಾತ್ರ ಜಾಗ್ರತೆ ಮಾಡಿದರೆ ಸಾಕಂತೆ. ಊಟ ತಿಂಡಿಯಿಂದ ಹರಡುವ ಕಾಮಾಲೆ ಬೇರೆ, ಇದು ಬೇರೆ. ಅವಳು ಹೇಳಿದರೆ ಯಾರು ಕೇಳುತ್ತಾರೆ?

ಕಾಫಿ ತಂದಳು. ಲೋಟ ಕೆಳಗಿಟ್ಟು, ಕುಡೀತೀಯಾ ಎಂದು ಕೇಳಿದಳು. ಮೊದಲು ಯಾವತ್ತೂ ಕೇಳಿದವಳಲ್ಲ. ಕುಡಿದೆ. ಆದರೆ ತೆಗೆದುಕೊಳ್ಳುವಾಗ ನನ್ನ ಕೈ ಒಂದು ಗಳಿಗೆ ನಿಂತಿತು. ಲ್ಯಾಬಿನಲ್ಲಿ ಹನ್ನೊಂದು ವರ್ಷ ಇದ್ದವಳ ಕೈ. ಅವಳು ನೋಡಿದಳು.

ಆ ನಾಚಿಕೆಗೋ ಏನೋ, ಸಿಟ್ಟು ನೆತ್ತಿಗೇರಿತು. ಇದನ್ನು ಮಾಡಿದವರ ಕೈಗೆ ಹುಳ ಬೀಳಲಿ ಎಂದೆ.

"ಯಾರು ಅಂತ ಗೊತ್ತಾಗ್ಲಿ ವಸು, ಜುಟ್ಟು ಹಿಡಿದು ಎಳ್ಕೊಂಡು ಬಂದು ನಿನ್ನ ಜಗಲಿಯಲ್ಲಿ ನಿಲ್ಲಿಸ್ತೇನೆ."

"ನಿಲ್ಲಿಸು," ಎಂದಳು. "ನನಗೆ ಮುಖ ನೋಡ್ಬೇಕು."

ನವೆಂಬರ್ 21, ಶುಕ್ರವಾರ

ಪ್ರಿಂಟರಿಗೆ ಭದ್ರತೆ ಮಾಡಲು ದರ್ಬೆಯಿಂದ ಜನ ಬರುತ್ತದೆ ಎಂದಿದ್ದರು. ಯಾರೋ ದೊಡ್ಡ ಎಂಜಿನಿಯರ್ ಎಂದು ನಾನು ಎರಡು ಸಲ ನೆಲ ಒರೆಸಿದೆ. ಬಂದದ್ದು ಒಬ್ಬಳು ಹುಡುಗಿ. ತಲೆಗೆ ಬೂದು ಶಾಲು, ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ, ಬಸ್ಸಿನಲ್ಲಿ ನಿಂತೇ ಬಂದು ಕಾಲು ನೋವು ಎನ್ನುತ್ತಾ ಕುರ್ಚಿಗೆ ಬಿದ್ದಳು. ಹೆಸರು ಆಫ್ರಾ. ಇಪ್ಪತ್ತನಾಲ್ಕು ವರ್ಷ ಇರಬಹುದು.

ಕಂಪ್ಯೂಟರಿನಲ್ಲಿ ಪ್ರಿಂಟರಿನ ನಂಬರ್ ಹೊಡೆದಳು. ಪ್ರಿಂಟರಿಗೆ ಅದರದ್ದೇ ಒಂದು ಪುಟ ಉಂಟಂತೆ, ತೆರೆಯಿತು. ಮೇಲೆ ಕೆಂಪು ಅಕ್ಷರದಲ್ಲಿ, ಈ ಸಂಪರ್ಕ ಸುರಕ್ಷಿತವಲ್ಲ. ಇಷ್ಟು ವರ್ಷ ರಿಪೋರ್ಟುಗಳು ಮೇಡಮ್ಮಿನ ಕಂಪ್ಯೂಟರಿನಿಂದ ಪ್ರಿಂಟರಿಗೆ ಹೋದದ್ದು ಪೋಸ್ಟ್ ಕಾರ್ಡಿನ ಹಾಗೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು ಎಂದಳು. ಇನ್ನು ಪ್ರಿಂಟರಿಗೆ ಒಂದು ಸರ್ಟಿಫಿಕೇಟ್ ಹಾಕಬೇಕು. ಇದು ನಮ್ಮದೇ ಪ್ರಿಂಟರ್, ಬೇರೆಯವರದ್ದಲ್ಲ ಎಂದು ಕಂಪ್ಯೂಟರಿಗೆ ನಂಬಿಕೆ ಬರಬೇಕು. ಆಮೇಲೆ ಹೋಗುವುದೆಲ್ಲ ಗುಪ್ತ ಲಿಪಿಯಲ್ಲಿ.

ನನ್ನ ಹತ್ತಿರ ಏಳನೇ ಕ್ಲಾಸಿನದ್ದು ಒಂದು ಸರ್ಟಿಫಿಕೇಟ್ ಉಂಟು. ಅದನ್ನು ನಂಬುವವರಿಲ್ಲ. ಈ ಪೆಟ್ಟಿಗೆಗೆ ದರ್ಬೆಯಿಂದ ತಂದು ಹಾಕುತ್ತಾರೆ.

ಪಾಸ್‌ವರ್ಡ್ ಹಾಕುವ ಹೊತ್ತಿಗೆ, ಅಕ್ಕ ಒಂದು ನಿಮಿಷ ಆ ಕಡೆ ತಿರುಗಿ ಎಂದಳು. ನನಗೆ. ಬಕೆಟ್ಟನ್ನು ಕುಕ್ಕಿ ಹೊರಗೆ ಹೋದೆ. ಹಿಂದೆಯೇ ಬಂದಳು. ದಿಶಾಂತ್ ಸರ್ ಇದ್ದರೂ ತಿರುಗಲಿಕ್ಕೆ ಹೇಳುತ್ತಿದ್ದೆ, ಬೇಜಾರು ಮಾಡಬೇಡಿ ಎಂದಳು. ಹೇಳುತ್ತಿದ್ದಳಂತೆ. ನಾನು ನಂಬಲಿಲ್ಲ.

ಸಂಜೆಯವರೆಗೆ ಕುಟ್ಟಿದಳು. ಪ್ರಿಂಟರ್ ಸರ್ಟಿಫಿಕೇಟನ್ನು ತೆಗೆದುಕೊಳ್ಳಲಿಲ್ಲ. ಸೋಮವಾರ ಬರುತ್ತೇನೆ ಎಂದು ನಾಲ್ಕೂವರೆಯ ಬಸ್ಸಿಗೆ ಓಡಿದಳು. ಅವಳು ಕುಡಿದ ಲೋಟವನ್ನೂ ನಾನೇ ತೊಳೆಯಬೇಕು.

ನವೆಂಬರ್ 22, ಶನಿವಾರ

ಗುಡುಗು. ಕರೆಂಟು ಐದು ಸಲ ಹೋಯಿತು. ಪ್ರತಿ ಸಲ ಬಂದಾಗಲೂ ಪ್ರಿಂಟರಿನಿಂದ ಒಂದು ಟೆಸ್ಟ್ ಪೇಜ್ ತೆಗೆದು ಫೈಲಿಗೆ ಹಾಕುವುದು ನನ್ನ ಕೆಲಸ. ಐದು ಹಾಕಿದೆ. ಫೋಟೊ ಮೊದಲು ಯಾರ ಮೊಬೈಲಿನಿಂದ ಹೊರಟಿತು ಎಂದು ಪೂವಮ್ಮನಿಗೆ ಗೊತ್ತಿರಬಹುದು ಎಂದು ಬ್ಲೆಸ್ಸಿ ಮೇಡಂ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು, ನಾನು ಗೋಡೆಯ ಈ ಕಡೆ ಇದ್ದೇನೆ ಎಂದು ತಿಳಿಯದೆ. ಅಥವಾ ತಿಳಿದೇ.

ಊಟ ಸೇರಲಿಲ್ಲ. ಕೆಲಸ ಹೋದರೆ ಏನು, ಪೊಲೀಸರು ಬಂದರೆ ಏನು, ಫೋಟೊ ಪೇಪರಿಗೆ ಬಂದರೆ ಏನು ಎಂದು ತಲೆಯಲ್ಲಿ ಅದೇ ತಿರುಗುತ್ತಿದೆ.

ನವೆಂಬರ್ 24, ಸೋಮವಾರ

ಆ ಹುಡುಗಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮತ್ತೆ ಅದನ್ನೇ ಮಾಡಿದಳು. ದರ್ಬೆಗೆ ಫೋನ್, ಬೆಂಗಳೂರಿಗೆ ಫೋನ್. ಈ ಸರ್ಟಿಫಿಕೇಟಿನ ಅವಧಿ ಇನ್ನೂ ಶುರುವಾಗಿಲ್ಲ ಎಂದು ಪ್ರಿಂಟರ್ ಹೇಳುತ್ತಿದೆಯಂತೆ. ಮೊನ್ನೆ ಶುಕ್ರವಾರದಿಂದಲೇ ಶುರು ಎಂದು ಸರ್ಟಿಫಿಕೇಟಿನಲ್ಲಿ ಉಂಟು, ಹುಚ್ಚು ಹಿಡಿಯುತ್ತದೆ ಎಂದು ಶಾಲು ಸರಿಮಾಡಿಕೊಂಡಳು. ನನಗೆ ನೋಡಿ ಸಾಕಾಯಿತು. ಟೆಸ್ಟ್ ಪೇಜಿನ ಫೈಲ್ ತಂದು ಅವಳ ಎದುರು ಹಾಕಿದೆ.

"ಅದಕ್ಕೆ ಇವತ್ತು ಯಾವ ದಿನ ಅಂತ ಗೊತ್ತಿದ್ರೆ ಅಲ್ವಾ?"

ಒಂದೊಂದೇ ಪೇಜ್ ತೋರಿಸಿದೆ. ಕರೆಂಟು ಹೋಗಿ ಬಂದಾಗಲೆಲ್ಲ ಅದರ ತಾರೀಕು ಹಿಂದಕ್ಕೆ ಹೋಗಿ 2017ನೇ ಇಸವಿಯ ಜನವರಿ ಒಂದಕ್ಕೆ ಕೂರುತ್ತದೆ. ಮೂರು ವರ್ಷದಿಂದ ನಾನು ಹೇಳುತ್ತಿದ್ದೇನೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಅದರ ಲೆಕ್ಕದಲ್ಲಿ 2025 ಬರಲು ಇನ್ನೂ ಎಂಟು ವರ್ಷ ಉಂಟು, ನಿನ್ನ ಕಾಗದವನ್ನು ಅದು ಹೇಗೆ ತೆಗೆದುಕೊಳ್ಳುತ್ತದೆ?

ಆಫ್ರಾ ಫೈಲ್ ನೋಡಿದಳು, ನನ್ನನ್ನು ನೋಡಿದಳು. ತಾರೀಕು ಸರಿಮಾಡಿದಳು. ಎರಡೇ ನಿಮಿಷ, ಸರ್ಟಿಫಿಕೇಟ್ ಒಳಗೆ ಹೋಗಿ ಕೂತಿತು. ಕೆಂಪು ಅಕ್ಷರ ಹೋಗಿ ಸಣ್ಣ ಬೀಗದ ಚಿತ್ರ ಬಂತು. ಎರಡು ದಿನ ನಿಮ್ಮ ಹತ್ತಿರ ಕೇಳದೆ ಬಸ್ಸಿನಲ್ಲಿ ಸುಮ್ಮನೆ ಅಲೆದೆ ಅಕ್ಕ ಎಂದಳು. ಬ್ಲೆಸ್ಸಿ ಮೇಡಂ ನಕ್ಕರು. ನಾನು ನಗಲಿಲ್ಲ. ಮೂರು ವರ್ಷ ಹೇಳಿದ್ದೇನಲ್ಲ.

ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು ಹೇಳಿದಳು. ರಸ್ತೆ ಬದಿಯ ಪೋಸ್ಟ್ ಡಬ್ಬಿಗೆ ಯಾರು ಬೇಕಾದರೂ ಕಾಗದ ಹಾಕಬಹುದು, ತೆಗೆಯಲು ಕೀ ಮಾತ್ರ ಒಬ್ಬರ ಹತ್ತಿರ. ಈ ಪ್ರಿಂಟರಿನ ಕೀ ಅದರ ಹೊಟ್ಟೆಯೊಳಗೇ ಹುಟ್ಟಿದ್ದು. ಅವಳ ಲ್ಯಾಪ್‌ಟಾಪಿನಲ್ಲೂ ಇಲ್ಲ, ದಿಶಾಂತ್ ಸರ್ ಹತ್ತಿರವೂ ಇಲ್ಲ. ಹೊರಗೆ ಬಂದರೆ ಅದು ಕೀಯೇ ಅಲ್ಲ. ಇನ್ನು ಮುಂದೆ ಕರೆಂಟು ಬಂದ ಕೂಡಲೇ ತಾರೀಕು ನೋಡುವುದು ನಾನು. ಸರ್ಟಿಫಿಕೇಟ್ ಮುಗಿಯುವುದು ಬರುವ ವರ್ಷ ನವೆಂಬರ್ 20ಕ್ಕೆ, ಕ್ಯಾಲೆಂಡರ್ ಇನ್ನೂ ಬಂದಿಲ್ಲ, ಕೈಯಲ್ಲೇ ಬರೆದು ಗೋಡೆಗೆ ಅಂಟಿಸಿದ್ದೇನೆ. ಮರೆತರೆ ಪುನಃ ಎಲ್ಲರೂ ನನ್ನ ಮೇಲೆಯೇ ಬರುತ್ತಾರೆ.

ನವೆಂಬರ್ 25, ಮಂಗಳವಾರ

ಇವತ್ತಿನಿಂದ ಕಂಪ್ಯೂಟರಿನಲ್ಲಿ ಪ್ರಿಂಟ್ ಕೊಟ್ಟ ಕೂಡಲೇ ಕಾಗದ ಬರುವುದಿಲ್ಲ. ಪ್ರಿಂಟರಿನ ಎದುರು ನಿಂತು ಗುಟ್ಟಿನ ನಂಬರ್ ಒತ್ತಬೇಕು, ಆಮೇಲೆ ಬರುತ್ತದೆ. ಮೇಡಮ್ಮಿಗೊಂದು ನಂಬರ್, ನನಗೊಂದು. ಸಾಲಿನಲ್ಲಿ ಹನ್ನೆರಡು ಮಂದಿ ಕಾಯುತ್ತಿರುವಾಗ ಮೇಡಂ ತಮ್ಮ ನಂಬರನ್ನು ಚೀಟಿಯಲ್ಲಿ ಬರೆದು ಪ್ರಿಂಟರಿನ ನೆತ್ತಿಗೇ ಅಂಟಿಸಿದರು, ಮರೆಯಬಾರದು ಎಂದು.

ನಾನು ಕಿತ್ತು, ಹರಿದು, ಸಿಂಕಿಗೆ ಹಾಕಿ ನೀರು ಬಿಟ್ಟೆ.

"ನಿಮಗೆ ಮರೆತ್ರೆ ತಲೆಯಲ್ಲಿ ಇಡಿ ಮೇಡಂ. ಗೋಡೆಯಲ್ಲಿ ಇಡುದಲ್ಲ."

ಮೇಡಂ ಮುಂದಿನ ರಿಪೋರ್ಟಿಗೆ ನಂಬರ್ ಒತ್ತಿದರು. ನಂತರ ಭಯವಾಯಿತು, ಸರ್ ಹತ್ತಿರ ದೂರು ಹೇಳುತ್ತಾರೋ ಎಂದು. ಹೇಳಲಿ.

ಮೇಜಿನ ಮೇಲೆ ಬಿಟ್ಟು ಹೋದ ನಾಲ್ಕು ರಿಪೋರ್ಟನ್ನು ಕವರಿಗೆ ಹಾಕಿದೆ. ತಮ್ಮನದ್ದು ನಾನು ತೆಗೆದುಕೊಂಡು ಹೋಗುತ್ತೇನೆ ಎಂದು ಬಂದವನಿಗೆ ಕೊಡಲಿಲ್ಲ. ಎಂತ ಹೊಸ ರೂಲ್ಸ್ ಮಾರಾಯ್ರೆ ಎಂದ. ಹಳೆಯದೇ ರೂಲ್ಸ್, ನಾವು ನೋಡದೆ ಇದ್ದದ್ದು ಎಂದೆ.

ನವೆಂಬರ್ 27, ಗುರುವಾರ

ಆಫ್ರಾಳ ಕೊನೆಯ ದಿನ. ಹೋಗುವ ಮೊದಲು, ಪ್ರಿಂಟರಿನ ನೆನಪಿನಲ್ಲಿ ಹಿಂದಿನ ತಿಂಗಳುಗಳ ಪಟ್ಟಿ ಉಂಟು, ಹೊರಗಿನವರು ಯಾರಾದರೂ ಪ್ರಿಂಟ್ ತೆಗೆದಿದ್ದಾರಾ ನೋಡುತ್ತೇನೆ ಎಂದಳು. ಪ್ರಿಂಟರಿನ ತಾರೀಕು ಸುಳ್ಳಾದರೂ ಕಂಪ್ಯೂಟರಿನ ಪಟ್ಟಿಯ ಜೊತೆ ಹೋಲಿಸಿ ಹುಡುಕಿದಳು. ಹೊರಗಿನವರು ಯಾರೂ ಇಲ್ಲ. ವಸುಮತಿಯ ರಿಪೋರ್ಟ್ ನಮ್ಮಲ್ಲಿಯೇ ಎರಡು ಸಲ ಪ್ರಿಂಟ್ ಆಗಿದೆ, ಎರಡು ನಿಮಿಷದ ಅಂತರದಲ್ಲಿ. ಮೊದಲನೆಯದು ಬಿಳಿ ಕಾಗದದ ಟ್ರೇಯಿಂದ. ಎರಡನೆಯದು ಲೆಟರ್‌ಹೆಡ್ಡಿನ ಟ್ರೇಯಿಂದ.

ಮೇಡಂ ಕುರ್ಚಿಯಿಂದ ಎದ್ದರು. ಟ್ರೇ ಬದಲಿಸಲು ಮರೆತರೆ ಬಿಳಿ ಕಾಗದದಲ್ಲಿ ಬಂದುಬಿಡುತ್ತದೆ, ದಿನಕ್ಕೆ ಐದಾರು ಸಲ ಆಗುತ್ತದೆ. ಹಾಗೆ ಬಂದದ್ದನ್ನು ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಗೆ ಹಾಕುತ್ತೇನೆ, ಅಷ್ಟೇ ಎಂದರು. ನಾನು ಬಿಡಲಿಲ್ಲ. ನನ್ನನ್ನು ಹತ್ತು ದಿನ ಕಳ್ಳಿ ಮಾಡಿದಿರಿ, ನಿಮ್ಮ ಕೈಯಿಂದಲೇ ಪ್ರತಿ ಹೊರಟದ್ದು ಎಂದೆ. ಇನ್ನೂ ಏನೇನೋ ಎಂದೆ. ಅವರು ಅತ್ತರು.

ಆಫ್ರಾ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ ಹೇಳಿದಳು:

"ಕಂಪ್ಯೂಟರಿನಿಂದ ಪ್ರಿಂಟರಿಗೆ ಹೋಗುವ ದಾರಿ ನಾನು ಕಾಯ್ಬಹುದು ಅಕ್ಕ. ಕಾಗದ ಟ್ರೇಗೆ ಬಿದ್ದ ಮೇಲೆ ಅದು ನಿಮ್ಮ ಕೈಯಲ್ಲಿ."

ಸರಿಯಾದ ಮಾತು. ಹಾಗಾದರೆ ಆ ಪೆಟ್ಟಿಗೆಗೆ ಕೈಹಾಕಿದವನೇ ಕಳ್ಳ. ಯಾರು ಹಾಕುತ್ತಾರೆ? ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತಾ ಬಂದೆ. ಮೇಲಿನ ಮಹಡಿಯ ಬೇರೆ ಆಫೀಸಿನವರು ಕೆಳಗೆ ಬರುವುದಿಲ್ಲ. ರೋಗಿಗಳು ಆ ಬಾಗಿಲು ದಾಟುವುದಿಲ್ಲ. ಗುಡಿಸುವುದೂ ಒರೆಸುವುದೂ ನಾನೇ. ನಾನಲ್ಲದೆ ಬೇರೆ ಯಾರೂ ಆ ಪೆಟ್ಟಿಗೆಯನ್ನು ಮುಟ್ಟುವುದಿಲ್ಲ, ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ತುಂಬಿದ ಕೂಡಲೇ ಕಾಗದ ಹಾಳಾಗಬಾರದು ಎಂದು ಅಂಚು ಸರಿಮಾಡಿ, ದಾರ ಕಟ್ಟಿ, ಸ್ವಲ್ಪ ಮನೆಗೆ, ಉಳಿದದ್ದು ಶಾಲೆಗೆ

ಈ ಹಾಳೆಯನ್ನು ತಿರುಗಿಸಿ ನೋಡಿದೆ.

ಪಂಜದ ಒಬ್ಬರ ಹೆಸರು. ಐವತ್ತೆಂಟು ವರ್ಷ, ಗಂಡಸು, ಸಕ್ಕರೆ ಮುನ್ನೂರ ಹನ್ನೆರಡು. ಹೆಸರು ಬರೆಯುವುದಿಲ್ಲ.

ಹನ್ನೊಂದು ವರ್ಷ ಆ ಬದಿ ನನಗೆ ಮುಗಿದ ಬದಿ. ಖಾಲಿ ಬದಿ ಮಾತ್ರ ಕಾಗದ.

ನವೆಂಬರ್ 28, ಶುಕ್ರವಾರ

ಮೇಡಮ್ಮಿಗೆ ಹೇಳಿದೆ. ಅವರೇ ಸರ್‌ಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ವಸುಮತಿಯ ರಿಪೋರ್ಟ್ ಚಿತ್ರಸ್ಪರ್ಧೆಗೆ ನಾನು ಕೊಟ್ಟ ಕಟ್ಟಿನಲ್ಲಿ ಹೋಗಿದೆ, ಕಳ್ಳಿ ಹೊರಗಿಲ್ಲ, ನಾನೇ ಎಂದೆ.

ಸರ್ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಮೆಲ್ಲಗೆ ಮಾತಾಡಿದರು. ಪ್ರಿಂಟರಿನಲ್ಲಿ ಲೋಪ ಇತ್ತು, ಈಗ ಸರಿಯಾಗಿದೆ ಎಂದು ಗೋಡೆಗೆ ನೋಟೀಸು ಹಾಕಿಯಾಗಿದೆ. ಕಾಗದದ ವಿಷಯ ಹೊರಗೆ ಹೋದರೆ ಲ್ಯಾಬಿನ ಹೆಸರಿಗೂ ಕೆಟ್ಟದು, ನಿಮ್ಮ ಕೆಲಸಕ್ಕೂ ಕೆಟ್ಟದು.

"ಯಾರೋ ಹ್ಯಾಕ್ ಮಾಡಿದ್ದು ಅಂತ ಜನ ಒಪ್ಪಿದ್ದಾರೆ ಪೂವಮ್ಮ. ನೀವು ಸುಮ್ನಿರಿ, ನಿಮಗೆ ಎಂತ ತೊಂದರೆ ಆಗ್ಲಿಕ್ಕಿಲ್ಲ."

ಹತ್ತು ದಿನ ನಾನಲ್ಲ ಎಂದಾಗ ಕಳ್ಳಿ ಎಂದರು. ಈಗ ನಾನೇ ಹೌದು ಎಂದರೆ ಅಲ್ಲ ಎನ್ನುತ್ತಾರೆ. ಈ ಮನುಷ್ಯನಿಗೆ ಎರಡು ಸಲವೂ ನನ್ನ ಮಾತು ಬೇಕಾಗಲಿಲ್ಲ.

ನವೆಂಬರ್ 30, ಭಾನುವಾರ

ನಿನ್ನೆ ಇಡೀ ದಿನ ಹೋಗಲಿಲ್ಲ. ಬಟ್ಟೆ ಒಗೆದೆ, ಒಗೆದದ್ದನ್ನೇ ಒಗೆದೆ. ನೀನು ಮಾಡಿದ್ದು ಬೇಕೆಂದು ಅಲ್ಲವಲ್ಲ, ಸುಮ್ಮನಿರು ಎಂದರು ನನ್ನ ಗಂಡ ಚನಿಯಪ್ಪ. ಬೇಕೆಂದು ಮಾಡಿದ್ದಾದರೆ ಕಾರಣವಾದರೂ ಇರುತ್ತಿತ್ತು ಎಂದು ಅವರ ಮೇಲೆ ಹಾರಿಬಿದ್ದೆ.

ಇವತ್ತು ಹತ್ತು ಗಂಟೆಗೆ ಹೋದೆ. ವಸುಮತಿ ಜಗಲಿಯಲ್ಲಿ ಇದ್ದಳು.

"ಕರ್ಕೊಂಡು ಬಂದಿದ್ದೇನೆ ವಸು."

ಅವಳು ಎದ್ದು ನಿಂತು ನನ್ನ ಹಿಂದೆ ನೋಡಿದಳು. ಮೆಟ್ಟಿಲು ನೋಡಿದಳು, ಗೇಟಿನವರೆಗೆ ನೋಡಿದಳು. ಯಾರೂ ಇಲ್ಲ. ಪುನಃ ನನ್ನ ಮುಖ ನೋಡಿದಳು. ನಾನು ಅಲ್ಲಿಯೇ ನಿಂತೆ. ಅವಳಿಗೆ ತಿಳಿಯಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಆಮೇಲೆ ಟ್ರೇ, ಪೆಟ್ಟಿಗೆ, ಕಟ್ಟು, ಶಾಲೆ, ಎಲ್ಲ ಹೇಳಿದೆ.

ಬೈದಳು. ನಮ್ಮ ಭಾಷೆಯಲ್ಲಿ ಇರುವ ಬೈಗುಳ ಎಲ್ಲ ಬೈದಳು. ನನಗೆ ಕೊಟ್ಟ ಗುಲಾಬಿಯ ವಿಷಯವನ್ನೂ ಬಿಡಲಿಲ್ಲ, ಮೈಕಿನಲ್ಲಿ ನಿನ್ನ ಹೆಸರು ಕೇಳಿ ಅಡುಗೆಕೋಣೆಯಲ್ಲಿ ಚಪ್ಪಾಳೆ ಹೊಡೆದವಳು ನಾನು ಎಂದಳು. ಕೊನೆಗೆ ಸುಸ್ತಾಗಿ ಕೂತಳು.

"ನನ್ನ ಜಗಲಿಯಲ್ಲಿ ನಿಂತು ಎಂತ ಪ್ರಯೋಜನ? ಕಾಗದ ಹೋದ ಮನೆಗಳಿಗೆ ಹೋಗು. ಅಲ್ಲಿ ನಿಲ್ಲು."

ಕೆಲಸ ಹೋಗುತ್ತದೆ ಎಂದು ಹೇಳಲು ಬಾಯಿ ತೆರೆದೆ. ಯಾರ ಎದುರು ಹೇಳುತ್ತಿದ್ದೇನೆ ಎಂದು ನೋಡಿ ಮುಚ್ಚಿದೆ.

ಬರುವ ದಾರಿಯಲ್ಲಿ ಅಂಗಡಿಯಿಂದ ಇನ್ನೂರು ಪುಟದ ಈ ನೋಟ್ ಪುಸ್ತಕ ತಂದು, ಮೊದಲಿನಿಂದ ಬರೆದದ್ದನ್ನೆಲ್ಲ ನಕಲು ಮಾಡಿದೆ. ಬ್ಲೆಸ್ಸಿ ಮೇಡಮ್ಮಿನ ಬಗ್ಗೆ ಬರೆದದ್ದು ಓದಿ ನಾಚಿಕೆಯಾಯಿತು, ತಿದ್ದಲಿಲ್ಲ. ಹಳೆಯ ಹಾಳೆ ಹದಿನಾಲ್ಕು, ಬರೆಯದೆ ಉಳಿದ ಕಟ್ಟಿನಲ್ಲಿ ಐವತ್ತೊಂದು. ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಬಾಯಿ ಹೊಲಿದೆ.

ಡಿಸೆಂಬರ್ 4, ಗುರುವಾರ

ಮೂರು ದಿನ ರಜೆ ಹಾಕಿ ಮನೆ ಮನೆ ತಿರುಗಿದೆ, ಇವತ್ತು ನಾಲ್ಕನೆಯ ದಿನ. ಸ್ಪರ್ಧೆಗೆ ಹೋದದ್ದು ನೂರ ಅರವತ್ತು ಹಾಳೆ. ಶಾಲೆಯ ಕಪಾಟಿನಲ್ಲಿ ಎಪ್ಪತ್ತು ಇತ್ತು, ಹೆಡ್ ಟೀಚರ್ ತೆಗೆದುಕೊಟ್ಟರು. ಉಳಿದದ್ದು ಮಕ್ಕಳ ಜೊತೆ ಮನೆಗೆ ಹೋಗಿದೆ. ಎರಡು ಬದಿಯೂ ಖಾಲಿ ಇರುವ ಹೊಸ ಕಾಗದ ಒಂದು ಕಟ್ಟು ಕಂಕುಳಲ್ಲಿಟ್ಟುಕೊಂಡು, ಹಳೆಯದು ಕೊಡಿ ಹೊಸತು ತೆಗೆದುಕೊಳ್ಳಿ ಎಂದು ಪಾತ್ರೆ ಮಾರುವವರ ಹಾಗೆ ಹೋದದ್ದು. ಯಾಕೆ ಎಂದು ಕೇಳುತ್ತಾರೆ. ಹೇಳಬೇಕು. ಪ್ರತಿ ಮನೆಯಲ್ಲೂ ಮೊದಲಿನಿಂದ ಹೇಳಬೇಕು. ಅದರ ಜೊತೆಗೆ ಆರೋಗ್ಯ ಕೇಂದ್ರದ ಡಾಕ್ಟರು ಬರೆದುಕೊಟ್ಟ ಚೀಟಿಯನ್ನೂ ಓದಿ ಹೇಳಿದೆ. ಆ ಕಾಯಿಲೆ ಅಡುಗೆಯಿಂದ ಬರುವುದಿಲ್ಲ, ಒಟ್ಟಿಗೆ ಕೂತು ಊಟ ಮಾಡಿದರೆ ಬರುವುದಿಲ್ಲ.

ಕೆಲವರು ಬಾಗಿಲು ಹಾಕಿದರು. ದಾನಿಗಳು ಬಂದರು ಎಂದು ಒಬ್ಬಳು ಒಳಗಿನಿಂದ ಹೇಳಿದಳು. ಸಫಿಯಮ್ಮನ ಮನೆಯಲ್ಲಿ ಮೊಮ್ಮಗಳ ಚಿತ್ರದ ಹಾಳೆಯನ್ನು ಮಸಾಲೆ ಡಬ್ಬಿಯ ಕೆಳಗೆ ಹಾಸಿದ್ದರು. ಡಬ್ಬಿಗಳನ್ನೆಲ್ಲ ಇಳಿಸಿ ಕೊಟ್ಟರು. ಅರಸಿನದ ಉರುಟು ಕಲೆ ಬಿದ್ದಿತ್ತು. ಇದರಲ್ಲಿ ಯಾರ ಹೆಸರು ಉಂಟು ಎಂದು ಕೇಳಿದರು. ಹೇಳುವ ಹಾಗಿಲ್ಲ ಎಂದೆ.

"ಈಗ ಕಲ್ತೆ," ಎಂದರು ಸಫಿಯಮ್ಮ. ಸಿಟ್ಟು ಬಂತು. ಹೊಸ ಹಾಳೆ ಕೊಟ್ಟು ಮೆಟ್ಟಿಲಿಳಿದೆ.

ನೂರ ಐವತ್ತೆರಡು ಸಿಕ್ಕಿದೆ. ವಸುಮತಿಯದ್ದು ಇಲ್ಲ.

ಡಿಸೆಂಬರ್ 5, ಶುಕ್ರವಾರ

ಅದು ಲತೀಶನ ಮನೆಯಲ್ಲಿತ್ತು. ಶಾಲೆಯ ಪೋಷಕರ ಸಮಿತಿಯ ಅಧ್ಯಕ್ಷ. ಫೋಟೊ ತೆಗೆದವನೂ ಅವನೇ, ಅದನ್ನು ಮುಚ್ಚಿಡಲೂ ಇಲ್ಲ. ಮಕ್ಕಳ ಆರೋಗ್ಯದ ಪ್ರಶ್ನೆ, ನನ್ನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು ಎಂದ. ಹಾಳೆ ಕೊಡಲು ಆಗುವುದಿಲ್ಲ ಎಂದ. ಅದರ ಇನ್ನೊಂದು ಬದಿಯಲ್ಲಿ ಅವನ ಮಗಳು ಯಶಸ್ವಿ ಬರೆದ ಕೋಳಿಯ ಚಿತ್ರ ಉಂಟು, ಮೂರನೇ ಬಹುಮಾನ ಎಂದು ಟೀಚರ್ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.

ನಾನು ಜಗಲಿಯಲ್ಲಿ ಕೂತೆ. ಹುಡುಗಿಯನ್ನು ಕರೆದು ಹೊಸ ಹಾಳೆ ಕೊಟ್ಟೆ. ನೋಡಿ ಅದೇ ಕೋಳಿ ಬರಿ ಮಗ, ಬಹುಮಾನವನ್ನು ಟೀಚರ್ ಹತ್ತಿರ ನಾನು ಪುನಃ ಬರೆಸಿ ಕೊಡುತ್ತೇನೆ ಎಂದೆ. ಅವಳು ನೆಲಕ್ಕೆ ಬೋರಲು ಮಲಗಿ ಬರೆಯಲು ತೊಡಗಿದಳು. ಕ್ರಯಾನು ಎಲ್ಲ ಮುರಿದವು, ಮುಕ್ಕಾಲು ಗಂಟೆ ಹಿಡಿಯಿತು. ಲತೀಶ ಎದುರು ನಿಲ್ಲಲೂ ಆಗದೆ, ಒಳಗೆ ಹೋಗಲೂ ಆಗದೆ ಕಂಬಕ್ಕೆ ಒರಗಿದ್ದ.

"ಕಾಗದ ಕೊಟ್ಟದ್ದು ನನ್ನ ತಪ್ಪು ಲತೀಶ, ಊರಿಡೀ ಹೇಳ್ಕೊಂಡು ಬಂದಿದ್ದೇನೆ. ತಿರುಗಿಸಿ ಓದಿದ್ದು ಸಹಜ. ಫೋಟೊ ತೆಗೆದು ಕಳಿಸಿದ್ದು ಯಾರ ತಪ್ಪು?"

ಡಾಕ್ಟರ ಚೀಟಿಯನ್ನು ಅವನ ಕೈಯಲ್ಲಿಟ್ಟು, ಇದರ ಫೋಟೊವನ್ನೂ ತೆಗೆದು ಅದೇ ಜನಕ್ಕೆಲ್ಲ ಕಳಿಸು ಎಂದೆ. ಆಗ ಹೇಳಿದೆನೋ ಕಿರುಚಿದೆನೋ ಗೊತ್ತಿಲ್ಲ, ಹುಡುಗಿ ಬರೆಯುವುದನ್ನು ನಿಲ್ಲಿಸಿ ನೋಡಿದಳು. ಅವನು ಮೊಬೈಲ್ ತೆಗೆದ. ನಾನು ಪಕ್ಕದಲ್ಲಿ ನಿಂತು, ಒಂದೊಂದು ಹೆಸರಿಗೂ ಹೋಯಿತಾ ಎಂದು ನೋಡಿ, ಹಳೆಯ ಹಾಳೆಯನ್ನು ತೆಗೆದುಕೊಂಡು ಬಂದೆ.

ಡಿಸೆಂಬರ್ 6, ಶನಿವಾರ

ಹಾಳೆಯನ್ನು ವಸುಮತಿಗೆ ಕೊಟ್ಟೆ. ತನ್ನ ಹೆಸರಿರುವ ಬದಿಯನ್ನು ಓದಿದಳು. ತಿರುಗಿಸಿ ಇನ್ನೊಂದು ಬದಿಯನ್ನು ತುಂಬಾ ಹೊತ್ತು ನೋಡಿದಳು.

"ಕೋಳಿಗೆ ನಾಲ್ಕು ಕಾಲು ಯಾಕೆ ಮಾರಾಯ್ತಿ?"

"ಬೇಗ ಓಡ್ಲಿಕ್ಕಂತೆ. ಕೇಳಿದೆ."

ಬಾಯಿಯ ಒಂದು ಕೊನೆ ಸ್ವಲ್ಪ ಮೇಲೆ ಹೋಯಿತು, ಅಷ್ಟೇ. ಹಾಳೆಯನ್ನು ನಾಲ್ಕಾಗಿ ಮಡಚಿ ಒಲೆಗೆ ಹಾಕಿದಳು. ಪೂರ್ತಿ ಉರಿಯುವವರೆಗೆ ಇಬ್ಬರೂ ನೋಡಿದೆವು. ಸೋಮವಾರದಿಂದ ಅಡುಗೆಗೆ ಬರಬೇಕು ಎಂದು ಹೆಡ್ ಟೀಚರ್ ನಿನ್ನೆ ಸಂಜೆ ಫೋನ್ ಮಾಡಿದ್ದಾರಂತೆ. ಮೂರು ಮನೆಯವರು ಇನ್ನೂ ಮಕ್ಕಳಿಗೆ ಬುತ್ತಿ ಕಟ್ಟಿ ಕಳಿಸುತ್ತೇವೆ ಎಂದಿದ್ದಾರಂತೆ.

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ ನನಗೆ," ಎಂದಳು.

"ಗೊತ್ತುಂಟು."

ಕಾಫಿ ಕೊಟ್ಟಳು. ಕುಡಿದು, ಲೋಟ ತೊಳೆದಿಟ್ಟು ಬಂದೆ. ಸಕ್ಕರೆ ಜಾಸ್ತಿ ಹಾಕುತ್ತಾಳೆ, ಮೊದಲಿನಿಂದಲೂ ಹಾಗೆಯೇ.

ದಿಶಾಂತ್ ಸರ್ ಫೋನ್ ಮಾಡಿದ್ದರು. ಮನೆ ಮನೆಗೆ ಹೋಗಿ ಲ್ಯಾಬಿನ ಮರ್ಯಾದೆ ಕಳೆದಿದ್ದೀರಿ, ಸೋಮವಾರ ದರ್ಬೆಗೆ ಬನ್ನಿ, ಮಾತಾಡಬೇಕು ಎಂದರು. ಬಸ್ಸು ಏಳೂ ಕಾಲಿಗೆ. ಹೊಲಿದಿಟ್ಟ ಚೀಲವನ್ನೂ, ಸಿಕ್ಕಿದ ಹಾಳೆಗಳನ್ನೂ ತೆಗೆದುಕೊಂಡು ಹೋಗುತ್ತೇನೆ. ಏಳು ಹಾಳೆ ಇನ್ನೂ ಸಿಕ್ಕಿಲ್ಲ, ಅದು ತಲೆಯಲ್ಲಿ ಕೊರೆಯುತ್ತಿದೆ. ಕಾಗದವನ್ನು ಪುಡಿ ಮಾಡುವ ಒಂದು ಮಿಷನ್ ಇರುತ್ತದೆ ಎಂದು ಆಫ್ರಾ ಹೇಳಿದ್ದಾಳೆ. ನನ್ನ ಎದುರಿಗೇ ಅದರಲ್ಲಿ ಹಾಕಿಸಿ, ಅಂಥದ್ದೇ ಒಂದನ್ನು ಕಡಬಕ್ಕೂ ಕೊಡಿ ಎಂದು ಮೊದಲು ಕೇಳಬೇಕು. ಕೆಲಸ ಉಂಟೋ ಇಲ್ಲವೋ ಎಂದು ಅವರು ಆಮೇಲೆ ಹೇಳಲಿ.